ಒಂದೇ ಮರ, ಎರಡು ಕುಲ

ಆಷಾಢದ ಜಡಿಮಳೆ ಹಿಡಿದರೆ ಚನ್ನಗಿರಿ, ನ್ಯಾಮತಿ ಕಡೆಯ ಬೆಳೆಗಾರರ ಕಣ್ಣೆಲ್ಲ ಅಡಿಕೆ ಗೊನೆಯ ಮೇಲೆ. ಎಳೆಗಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಅದರ ಮೇಲೆ ಬಿಳಿ ಬೂಷ್ಟು, ಆಮೇಲೆ ಬುಡದ ತುಂಬ ಉದುರಿದ ಕಾಯಿ. ಅದು ಕೊಳೆರೋಗ. ಅದೇ ತೋಟದಲ್ಲಿ ಇನ್ನೊಂದು ಮರದ ಬುಡ ಒಳಗೊಳಗೇ ಕೊಳೆತು ಮರ ಸೊರಗುತ್ತದೆ. ಕೊನೆಗೆ ಬುಡದಲ್ಲಿ ಗಟ್ಟಿ ಅಣಬೆ ಏಳುತ್ತದೆ. ಅದು ಅಣಬೆ ರೋಗ. ಎರಡಕ್ಕೂ ನಾವು 'ಶಿಲೀಂಧ್ರ' ಎಂದು ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ.

ಬುಡದಲ್ಲಿರುವುದು ನಿಜವಾದ ಶಿಲೀಂಧ್ರ, ಗ್ಯಾನೊಡರ್ಮಾ. ಅದರ ಕೋಶದ ಗೋಡೆ ಕೈಟಿನ್‌ನದು. ಸೀಗಡಿ, ಜೀರುಂಡೆಗಳ ಚಿಪ್ಪಿನಲ್ಲಿರುವುದೂ ಅದೇ. ಗಿಡಗಳಿಗಿಂತ ಪ್ರಾಣಿಗಳಿಗೇ ಶಿಲೀಂಧ್ರ ಹತ್ತಿರದ ನೆಂಟ. ಗೊನೆಯಲ್ಲಿರುವುದು ಫೈಟಾಫ್ತೊರಾ. ಅದರ ಗೋಡೆ ಹತ್ತಿಯಲ್ಲಿರುವಂಥ ಸೆಲ್ಯುಲೋಸ್‌ನದು, ಬಳಗ ಕಡಲ ಕಂದು ಪಾಚಿಗಳದು. ಅದರ ಬೀಜಾಣುಗಳಿಗೆ ಎರಡೆರಡು ಬಾಲ. ಅವು ನೀರಿನಲ್ಲಿ ಈಜುತ್ತವೆ. ಬಿಡದ ಮಳೆಯಲ್ಲಿ ಕೊಳೆ ಹಬ್ಬುವುದು ಇದಕ್ಕೇ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಕ್ಷಾಮ ತಂದದ್ದೂ ಇದರ ದಾಯಾದಿಯೇ.

ಹೊನ್ನಾಳಿಯ ಭತ್ತಕ್ಕೆ ಬರುವ ಬೆಂಕಿ ರೋಗ ಬುಡದ ಅಣಬೆಯ ಕುಲ. ಜಗಳೂರಿನ ಮೆಕ್ಕೆಜೋಳಕ್ಕೆ ಬರುವ ಕೇದಿಗೆ ರೋಗ ಗೊನೆಯ ಕೊಳೆಯ ಕುಲ. ಇದು ಪಂಡಿತರ ಕೂದಲು ಸೀಳುವ ಮಾತಲ್ಲ. ಶಿಲೀಂಧ್ರದ ಒಡಲಲ್ಲಿ ತಯಾರಾಗುವ ಎರ್ಗೊಸ್ಟೆರಾಲ್ ಎಂಬ ವಸ್ತುವಿಗೆ ತಡೆಯೊಡ್ಡುವ ಔಷಧಿಗಳಿವೆ. ಕೊಳೆರೋಗದ ಜೀವಿ ಅದನ್ನು ತಯಾರಿಸುವುದೇ ಇಲ್ಲ. ಅಂಥ ಔಷಧಿ ಹೊಡೆದರೆ ದುಡ್ಡು ಮಳೆನೀರಿನ ಪಾಲು. ಮೆಟಲಾಕ್ಸಿಲ್ ಎಂಬ ಔಷಧಿ ಕೊಳೆಗೆ ನಾಟುತ್ತದೆ, ಬೆಂಕಿ ರೋಗಕ್ಕೆ ನಾಟದು.

ಮೈಲುತುತ್ತ, ಸುಣ್ಣ ಕೂಡಿದ ಬೋರ್ಡೋ ದ್ರಾವಣ ಮಾತ್ರ ಎರಡೂ ಕುಲದ ಬೀಜಾಣುಗಳನ್ನು ತಡೆಯುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ, ಈ ದ್ರಾವಣವನ್ನು ಅಡಿಕೆ ತೋಟಕ್ಕೆ ಒಗ್ಗಿಸಿದರು. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ: ಇದು ಅದರ ಲೆಕ್ಕ. ಆದರೆ ಅದೂ ಕಾಯಿಗೆ ಕವಚವಷ್ಟೇ. ಮಳೆ ಹಿಡಿಯುವ ಮುಂಚೆ ಗೊನೆಗೆ ಬೀಳಬೇಕು. ಬೇರೊಳಗೆ ಹೊಕ್ಕ ಅಣಬೆಯನ್ನು ಗೊನೆಗೆ ಹೊಡೆದ ಔಷಧಿ ಮುಟ್ಟದು.

ಈ ಸಲ ಅಂಗಡಿಯಲ್ಲಿ 'ಬೂಷ್ಟಿಗೆ ಒಂದು ಔಷಧಿ ಕೊಡಿ' ಎನ್ನಬೇಡಿ. ಮೊದಲು ರೋಗದ ಹೆಸರು ಹೇಳಿ, ಆಮೇಲೆ ಔಷಧಿ ಕೇಳಿ.