ಹಾಡಿನ ಅರ್ಥವೂ ಹಾಡಿದವನ ಬಾಳೂ

ಮೂಡುಬಿದಿರೆಯ ಮಹಾಕವಿ ರತ್ನಾಕರವರ್ಣಿಯು ಕ್ರಿ.ಶ. 16ನೆಯ ಶತಮಾನದಲ್ಲಿ ರಚಿಸಿದ ‘ಭರತೇಶ ವೈಭವ’ವು ಸುಮಾರು 10,000 ಪದ್ಯಗಳ ಸಾಂಗತ್ಯ ಕೃತಿ. ಸಾಂಗತ್ಯವೆಂದರೆ ಹಾಡಿಕೊಳ್ಳುವುದಕ್ಕೆಂದೇ ಹದಗೊಂಡ ಛಂದಸ್ಸು. ಮರಾಠಿ ಮನೆಮಾತಿನ ಶ್ರಾವಕರು ತಮ್ಮ ಓವಿಯನ್ನು ನೆನೆದುಕೊಂಡರೆ ಅದರ ಸ್ವರೂಪವು ತಿಳಿಯುತ್ತದೆ. ಇದೇ ಕವಿಯ ಬಿಡಿ ಹಾಡುಗಳು ‘ಅಣ್ಣಗಳ ಪದ’ಗಳೆಂದು ಪ್ರಸಿದ್ಧವಾಗಿವೆ. ಬೆಳಗಾವಿ ಸೀಮೆಯ ಕೋಥಳಿಯಲ್ಲಿ ಜನಿಸಿದ ಆಚಾರ್ಯ ದೇಶಭೂಷಣ ಮಹಾರಾಜರು ರತ್ನಾಕರ ಶತಕವನ್ನು ಹಿಂದಿಗೆ ತಂದುದರಿಂದ ಕನ್ನಡವರಿಯದ ಶ್ರಾವಕರಿಗೂ ಈ ಕವಿಯು ಅಪರಿಚಿತನಲ್ಲ. ಕನ್ನಡ ಮರಾಠಿಗಳೆರಡೂ ಬೆರೆತ ಕಸಬೆ ಡಿಗ್ರಜದಂತಹ ಕೃಷ್ಣಾತೀರದ ಊರುಗಳಲ್ಲಿ ಇಂತಹ ಕವಿಯೊಬ್ಬನು ಎರಡೂ ಮನೆಗಳ ಸೊತ್ತು.

ಆದರೆ ಈತನ ಪದಗಳಿಗೆ ಅರ್ಥ ಹೇಳುವವರು ಪದವನ್ನು ಬಿಟ್ಟು ಬೇಗನೆ ಕವಿಯ ಕಥೆಗೆ ಇಳಿಯುವುದುಂಟು. ಆ ಕಥೆಯು ರೋಚಕವಾದುದು. ಕಾರ್ಕಳದ ಭೈರರಸನ ಮಗಳಲ್ಲಿ ಕವಿಗೆ ಅನುರಾಗ ಹುಟ್ಟಿತಂತೆ. ಯೋಗಬಲದಿಂದ ಉಪ್ಪರಿಗೆಯನ್ನೇರಿ ಆಕೆಯನ್ನು ಕಾಣುತ್ತಿದ್ದು, ಸಂಗತಿಯು ಬಯಲಾಗಲು ಓಡಿಹೋಗಿ ದೀಕ್ಷೆ ವಹಿಸಿದನಂತೆ. ಮುಂದೆ ತನ್ನ ಕಾವ್ಯವನ್ನು ಆನೆಯ ಮೇಲಿರಿಸಿ ಮೆರೆಸಬೇಕೆಂದು ಕೇಳಲು, ಶಾಸ್ತ್ರವಿರುದ್ಧವಾದ ಮಾತುಗಳಿವೆಯೆಂದು ಭಟ್ಟಾರಕರು ಒಪ್ಪಲಿಲ್ಲ. ವಾದವು ಬೆಳೆದು, ಶ್ರಾವಕರಾರೂ ಅವನಿಗೆ ಆಹಾರ ಕೊಡಕೂಡದೆಂದು ಕಟ್ಟಳೆಯಾಯಿತು. ಅಕ್ಕನ ಮನೆಯಲ್ಲಿ ಉಂಡುಕೊಂಡಿದ್ದು, ಕಡೆಗೆ ಮನನೊಂದು ವೀರಶೈವನಾದನು. ಅನಂತರ ಮರಳಿ ಜಿನಧರ್ಮಕ್ಕೆ ಬಂದನು. ಕಥೆಯು ಹೀಗೆ ನಡೆಯುತ್ತದೆ.

ಈ ಕಥೆಯನ್ನು ಮುಂದಿಟ್ಟುಕೊಂಡು ಹಾಡಿಗೆ ಅರ್ಥ ಹೇಳುವುದು ಸುಲಭ. ಶೃಂಗಾರದ ಪದ ಬಂದರೆ ರಾಜಕುಮಾರಿಯ ನೆನಪು ಎನ್ನುವರು. ವೈರಾಗ್ಯದ ಪದ ಬಂದರೆ ಪಶ್ಚಾತ್ತಾಪ ಎನ್ನುವರು. ಒಬ್ಬರು ‘ಅನುಭವಿಸಿ ಹೇಳಿದವನು, ಆದ್ದರಿಂದ ನಂಬತಕ್ಕದ್ದು’ ಎಂದರೆ, ಮತ್ತೊಬ್ಬರು ‘ತಾನು ಜಾರಿದವನು ಪರರಿಗೆ ಹೇಳುವುದೇನು?’ ಎನ್ನುವರು. ಇಬ್ಬರೂ ಪದದ ತೂಕವನ್ನು ನೋಡಲಿಲ್ಲ. ತಕ್ಕಡಿ ಹಿಡಿದವನ ಮುಖವನ್ನು ನೋಡಿದರು.

ಇಲ್ಲಿ ಕಾಲದ ಲೆಕ್ಕವನ್ನು ಸ್ವಲ್ಪ ಗಮನಿಸಬೇಕು. ಕವಿಯ ‘ತ್ರಿಲೋಕ ಶತಕ’ದ ಕಾಲ 1557. ಮೇಲಿನ ಕಥೆಯನ್ನು ಹೇಳುವ ದೇವಚಂದ್ರನ ‘ರಾಜಾವಳೀಕಥೆ’ಯ ಕಾಲ 1838. ನಡುವೆ ಸುಮಾರು 280 ವರ್ಷಗಳ ಅಂತರ! ಇಷ್ಟು ದಿನ ಬಾಯಿಂದ ಬಾಯಿಗೆ ಸಾಗಿದ ಮಾತಿನಲ್ಲಿ ಎಷ್ಟು ಸೇರಿತು, ಎಷ್ಟು ಸೋರಿತು ಎಂದು ಯಾರು ಬಲ್ಲರು? ಶೃಂಗಾರದ ಸಂಧಿಗಳನ್ನು ಓದಿದವರೇ ಕವಿಗೊಬ್ಬ ಪ್ರೇಯಸಿಯನ್ನು ಕಲ್ಪಿಸಿರಬಾರದೇಕೆ? ಹಾಗಿದ್ದರೆ ಹಾಡಿನಿಂದ ಕಥೆಯನ್ನು ಹುಟ್ಟಿಸಿ, ಅದೇ ಕಥೆಯಿಂದ ಹಾಡಿಗೆ ಅರ್ಥ ಹೇಳುವುದು, ಬಲಗೈಯ ಹಣವನ್ನು ಎಡಗೈಗೆ ಕೊಟ್ಟು ಖಾತೆಯಲ್ಲಿ ಜಮಾ ಬರೆದಂತೆಯೇ ಸರಿ.

ಹಾಗೆಂದು ಕವಿಯ ಬಾಳನ್ನು ಪೂರಾ ಮರೆಯಬೇಕೆಂದಲ್ಲ. ಅವನು ಬಾಳಿದ ಊರು ಯಾವುದು, ಕೇಳುವವರು ಯಾರು ಎಂಬುದು ನಿಶ್ಚಯವಾಗಿ ತಿಳಿದಿದೆ. 1430ರಲ್ಲಿ ಆರಂಭವಾದ ಸಾವಿರಕಂಬದ ಬಸದಿಯ ಊರದು. ಶ್ರೇಷ್ಠಿಗಳೂ ಭಟ್ಟಾರಕರೂ ಇದ್ದ ಊರು. ಅಂತಹ ಸಿರಿವಂತರ ಎದುರಿಗೆ ಕವಿಯು ಭರತ ಚಕ್ರವರ್ತಿಯನ್ನು ತಂದು ನಿಲ್ಲಿಸಿದನು. ಷಟ್ಖಂಡದ ಸಂಪತ್ತು, ತುಂಬಿದ ಅಂತಃಪುರ, ಒಳಗೆ ಮಾತ್ರ ಆತ್ಮಧ್ಯಾನ. ಭೋಗದಲ್ಲಿದ್ದೂ ಯೋಗಿಯಾಗಿರಬಹುದೇ ಎಂಬ ಪ್ರಶ್ನೆಯು ಅಂಗಡಿ ತೆರೆದು ಕುಳಿತ ಪ್ರತಿಯೊಬ್ಬ ಶ್ರಾವಕನದು.

ಆದಿಪುರಾಣದಲ್ಲಿ ಭರತನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋತು ಬಾಹುಬಲಿಯ ಮೇಲೆ ಚಕ್ರವನ್ನು ಪ್ರಯೋಗಿಸುತ್ತಾನೆ. ರತ್ನಾಕರನು ಆ ಯುದ್ಧವನ್ನೇ ನಡೆಸಗೊಡಲಿಲ್ಲ. ಅಣ್ಣನ ಮೃದುವಾದ ಮಾತಿನಿಂದ ತಮ್ಮನ ಮನಸ್ಸನ್ನು ಕರಗಿಸಿದನು. ಇದನ್ನು ಕವಿಯ ಹಟವೆಂದು ಅವನ ಜೀವನಕ್ಕೆ ಗಂಟುಹಾಕುವುದಕ್ಕಿಂತ, ಆಸ್ತಿ ಪಾಲಿಗಾಗಿ ಕಚೇರಿಯ ಮೆಟ್ಟಿಲೇರುವ ಅಣ್ಣತಮ್ಮಂದಿರಿಗೆ ಓದಿ ಹೇಳುವುದು ಮೇಲು.

ಅಪಾಯವಿರುವುದು ಬೇರೆ ಕಡೆ. ‘ಭರತನಂತೆ ನಾನೂ ಒಳಗೆ ನಿರ್ಲಿಪ್ತ’ ಎಂದು ಹೇಳಿಕೊಂಡು ಗಂಟನ್ನು ಬಲಪಡಿಸುವವರಿಗೆ ಈ ಕಾವ್ಯವು ಒಳ್ಳೆಯ ಮರೆಯಾಗಬಲ್ಲುದು. ಒಳಗಿನ ನಿರ್ಲಿಪ್ತತೆಯನ್ನು ಹೊರಗಿನವರು ಅಳೆಯಲಾರರು. ಆಗ ಕವಿಯ ಚರಿತ್ರೆಯನ್ನು ಕೆದಕಿ ಫಲವಿಲ್ಲ. ಪದವನ್ನು ಉದಾಹರಿಸುವವನ ಖಾತೆ ಪುಸ್ತಕವನ್ನೇ ತೆರೆದು ನೋಡಬೇಕು. ಭರತನಾದರೋ ತಲೆಯಲ್ಲಿ ಒಂದು ನರೆಗೂದಲು ಕಂಡೊಡನೆ ಸಾಮ್ರಾಜ್ಯವನ್ನು ತೊರೆದನೆಂದು ಪುರಾಣವು ಹೇಳುತ್ತದೆ. ದೀಕ್ಷೆಯಾದ ಅಂತರ್ಮುಹೂರ್ತದಲ್ಲಿ ಕೇವಲಜ್ಞಾನವಾಯಿತು. ಅದಕ್ಕೆ ಮೊದಲು, ಭೋಗದ ದಿನಗಳಲ್ಲಿಯೇ, ಮುನಿಗಳ ಆಹಾರದ ವೇಳೆಗೆ ಸೇವಕರನ್ನು ಕಳುಹಿಸದೆ ತಾನೇ ಅರಮನೆಯ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದನೆಂದು ರತ್ನಾಕರನು ಹಾಡಿದ್ದಾನೆ.