ನಡುವಿನ ಆರು

ಬೊರಿವಲಿಯ ನಮ್ಮ ನೆರೆಮನೆಯ ಹುಡುಗಿ ಮೊನ್ನೆ ಒಂದು ಚೀಟಿ ಹಿಡಿದು ಬಂದಳು. ಅದರಲ್ಲಿ 12345654321 ಎಂದು ಬರೆದಿತ್ತು. “ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಮಾಮಾ. ಇದರಲ್ಲಿ ಇನ್ನೇನಾದರೂ ಇದೆಯೇ?” ಎಂದಳು.

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಕ್ಕ ಈ ಸಂಖ್ಯೆ ಕನ್ನಡ ನಾಡಿಗೆ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದು ಬರುತ್ತದೆ. ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಆತ ಇದನ್ನು ವರ್ಣಿಸಿದ್ದಾನೆ. ಎರಡು ಕಡೆಯೂ ಒಂದೇ ಆಗಿರುವ ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸಿದವನೂ ಅವನೇ.

111111 ಅನ್ನು ಅದರಿಂದಲೇ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. 27994681 ಅನ್ನು 441ರಿಂದ ಗುಣಿಸಿದರೂ ಇದೇ ಬರುತ್ತದೆ. ಇಷ್ಟು ಹೇಳುವಷ್ಟರಲ್ಲಿ ಹುಡುಗಿ ನಡುವಿನ 6 ಅಳಿಸಿ 7 ಬರೆದಳು. “ಈಗಲೂ ಹಾರವೇ ಅಲ್ಲವೇ?” ಎಂದು ನಕ್ಕಳು.

ನೋಟಕ್ಕೆ ಹಾರವೇ ಹೌದು. ಆದರೆ ಅಂಕಿಗಳನ್ನು ಕೂಡಿ ನೋಡಿರಿ. ಮೊದಲು ಮೊತ್ತ 36 ಇತ್ತು. ಸಂಖ್ಯೆ ಮೂರರಿಂದಲೂ ಒಂಬತ್ತರಿಂದಲೂ ಭಾಗವಾಗುತ್ತಿತ್ತು. ಈಗ ಮೊತ್ತ 37. ಒಂಬತ್ತು ಹಾಗಿರಲಿ, ಮೂರರಿಂದಲೂ ಭಾಗವಾಗದು. ಅದು ಈಗ 111111ರ ವರ್ಗವೂ ಅಲ್ಲ, 441ಕ್ಕೂ ಅದಕ್ಕೂ ನಂಟೂ ಇಲ್ಲ. ಹೊರಗಿನ ಅಂದ ಉಳಿಯಿತು, ಒಳಗಿನ ಸಂಬಂಧಗಳೆಲ್ಲ ಕಡಿದವು.

ಆಗ ನಮಗೆ ನಮ್ಮದೇ ಹಳೆಯ ಲೆಕ್ಕವೊಂದು ನೆನಪಾಯಿತು. ಮುಂಬಯಿಗೆ ಬಂದ ಹೊಸತರಲ್ಲಿ ಒಂದು ಪೇಢಿಯಲ್ಲಿ ನಾವು ಲೆಕ್ಕ ಬರೆಯುತ್ತಿದ್ದೆವು. ಒಮ್ಮೆ ನಗದಿನಲ್ಲಿ ಮುನ್ನೂರು ರೂಪಾಯಿ ಕಡಿಮೆ ಬಿತ್ತು. ಕೆಲಸ ಹೋದೀತೆಂದು ಹೆದರಿ, ಹಮಾಲರ ಕೂಲಿಯ ಬಾಬಿನಲ್ಲಿ ಮುನ್ನೂರು ಹೆಚ್ಚು ಬರೆದೆವು. ಜಮಾ-ಖರ್ಚು ತಾಳೆಯಾಯಿತು, ತಪಾಸಣೆಗೆ ಬಂದವರೂ ರುಜು ಹಾಕಿದರು. ಯಾರಿಗೂ ನಷ್ಟವಿಲ್ಲವೆಂದು ಸಮಾಧಾನಪಟ್ಟುಕೊಂಡೆವು. ಮರುವರ್ಷ ಹಮಾಲರು ಕೂಲಿ ಹೆಚ್ಚಿಸಿರೆಂದು ಕೇಳಿದರು. ಯಜಮಾನರು ಅದೇ ಪುಟ ತೆರೆದು, “ಹೋದ ವರ್ಷವೇ ಇಷ್ಟು ಕೊಟ್ಟಿದ್ದೇವಲ್ಲ!” ಎಂದರು. ನಾವು ಪಕ್ಕದಲ್ಲೇ ನಿಂತಿದ್ದೆವು, ಬಾಯಿ ಬಿಡಲಿಲ್ಲ.

ಹಾಗಾದರೆ ಸತ್ಯವೆಂದರೆ ತಾಳೆಯಾಗುವುದೇ? ಎರಡೂ ಬದಿ ಸರಿಹೊಂದಿದರೆ ಲೋಕ ಒಪ್ಪುತ್ತದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರು, ಹೊಂದಿಕೊಂಡು ಹೋಗುವುದೇ ಜಾಣತನವೆಂದು ಬೇಗ ಕಲಿಯುತ್ತೇವೆ. ಹೊಂದಿಕೆ ಬೇಡವೆಂದಲ್ಲ, ಗಾಡಿಯಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂತರೆ ಅದು ಔದಾರ್ಯವೇ. ಆದರೆ ಅಲ್ಲಿ ನಾವು ಬಿಟ್ಟುಕೊಡುವುದು ನಮ್ಮ ಜಾಗವನ್ನು. ಸುಳ್ಳು ಲೆಕ್ಕದಲ್ಲಿ ಬಿಟ್ಟುಕೊಡುವುದು ಇನ್ನೊಬ್ಬರ ಪಾಲನ್ನು. ಅಂಕಿ ಒಂಟಿಯಾಗಿರುವುದಿಲ್ಲ. ಒಂದನ್ನು ತಿದ್ದಿದರೆ ನಮ್ಮ ಕಣ್ಣಿಗೆ ಕಾಣದ ಎಷ್ಟೋ ಕಡೆ ಅದರ ಪೆಟ್ಟು ಬೀಳುತ್ತದೆ.

ಹುಡುಗಿಗೆ ಹಮಾಲರ ಕಥೆಯನ್ನೂ ಹೇಳಿದೆವು. “ಆಮೇಲಾದರೂ ಹೇಳಿದಿರಾ?” ಎಂದು ಕೇಳಿದಳು. ಇಲ್ಲವೆಂದೆವು. ಅವಳು ಮಾತಾಡದೆ 7 ಅಳಿಸಿ ಮತ್ತೆ 6 ಬರೆದಳು. ಚೀಟಿಯಲ್ಲಿ ತಿದ್ದುವುದು ಸುಲಭ.