ಹಳ್ಳಕ್ಕೆ ಹೋಗದ ಹನಿ

‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.’ ಉಳಿತಾಯದ ಪಾಠ ಹೇಳುವವರೆಲ್ಲ ಈ ಗಾದೆಯಿಂದಲೇ ಶುರುಮಾಡುತ್ತಾರೆ. ಎರಡು ತುಂಡೂ ಒಂದೇ ಮಾತು ಹೇಳುತ್ತವೆ ಅಂತ ನಾನೂ ನಂಬಿದ್ದೆ. ಆಳಂದದ ಎರೆಹೊಲದ ಬದುವಿನ ಮೇಲೆ ನಿಂತರೆ, ಅವು ಒಂದಕ್ಕೊಂದು ಜಗಳಾಡುವುದು ಕಾಣುತ್ತದೆ.

ಹಳ್ಳಕ್ಕೆ ಹೋದ ಹನಿ ಹೊಲಕ್ಕೆ ದಕ್ಕದ ಹನಿ. ಅದು ಅಮರ್ಜಾ ನದಿ ಸೇರಿ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಯ ಜೊತೆಗೂಡಿ, ಜೇವರ್ಗಿ ದಾಟಿ ಕೃಷ್ಣೆಯ ಪಾಲಾಗುತ್ತದೆ. ತೆನೆ ಬೇಕಾದವನು ಹನಿಯನ್ನು ಅಲ್ಲಿಗೆ ಬಿಡುವಂತಿಲ್ಲ. ಅದಕ್ಕೇ ಒಡ್ಡು ಹಾಕುವುದು, ಅದಕ್ಕೇ ಮಳೆಗಾಲದುದ್ದಕ್ಕೂ ಹರಗುವುದು. ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಮಳೆ ಹಿಂದೆ ಸರಿಯುವ ಹೊತ್ತಿಗೆ. ಆಮೇಲೆ ಸುಮಾರು 4 ತಿಂಗಳು ಬೆಳೆ ಬದುಕುವುದು ಎರೆಮಣ್ಣು ಬಚ್ಚಿಟ್ಟುಕೊಂಡ ತೇವದ ಮೇಲೆ. ಮಣ್ಣು ಒಣಗಿದಂತೆ ಬಿರುಕು ಬಿಡುತ್ತದೆ, ಬಿರುಕಿನಿಂದ ಉಳಿದ ತೇವವೂ ಹಾರುತ್ತದೆ. ಬಿತ್ತಿದ 3ನೇ ವಾರ, 5ನೇ ವಾರ, 8ನೇ ವಾರ ಎಡೆ ಹೊಡೆದು ಆ ಬಾಯಿ ಮುಚ್ಚಿಸಬೇಕು. ತಾಳ್ಮೆ ಅಂದರೆ ಕೈಕಟ್ಟಿ ಕೂರುವುದು ಎನ್ನುವವರು ಒಂದು ಸಾಲಾದರೂ ಎಡೆ ಹೊಡೆದು ನೋಡಲಿ.

ಗಾದೆ ‘ಕೂಡಿದರೆ’ ಅನ್ನುತ್ತದೆ, ‘ಕೂಡುತ್ತದೆ’ ಅನ್ನುವುದಿಲ್ಲ. ದುಡಿಮೆಯೆಲ್ಲ ಆ ‘ರೆ’ಯೊಳಗಿದೆ. ನೈಜೀರಿಯಾದ ಯೊರುಬಾ ಜನರಲ್ಲೂ ಒಂದು ಗಾದೆಯುಂಟು: ತಾಳ್ಮೆಯಿಂದ ಇರುವೆಯನ್ನು ಸೀಳಿದರೆ ಅದರ ಕರುಳೂ ಕಾಣುತ್ತದೆ. ಅಲ್ಲೂ ‘ರೆ’. ಕರುಳು ಕಾಣುವುದು ಕಾದು ಕುಳಿತವನಿಗಲ್ಲ, ಸೀಳುತ್ತ ಕುಳಿತವನಿಗೆ. (ನಮ್ಮ ಗಾದೆಯಲ್ಲಿ ಇರುವೆ ಬದುಕಿಕೊಂಡಿತು, ಅದೊಂದು ಸಮಾಧಾನ.)

ಗಾದೆಯ ಬಳ್ಳ ಕಾಳು ಅಳೆಯುವ ಹಳೆಯ ಅಳತೆ. ಈಗ ಮಾರುಕಟ್ಟೆಯಲ್ಲಿ ಕ್ವಿಂಟಲ್ ಮಾತು; 2019ರಲ್ಲಿ ಜಿಐ ಟ್ಯಾಗ್ ಪಡೆದ ಇಲ್ಲಿನ ತೊಗರಿಗೂ ಅದೇ ಲೆಕ್ಕ. ಮುಂಗಾರಿಗೆ ಬಿತ್ತಿ ಡಿಸೆಂಬರ್, ಜನವರಿಗೆ ಕೊಯ್ಯುವ ತೊಗರಿಯ ಬೇರೂ ಕೊನೆಗೆ ಅದೇ ತೇವವನ್ನು ಹುಡುಕಿಕೊಂಡು ಆಳಕ್ಕಿಳಿಯುತ್ತದೆ.

ಮಳೆಗೂ ತಾಳ್ಮೆ ಬೇಕು. ಮೊದಲ ಮಳೆ ಬಿರುಕಿನಲ್ಲಿ ಇಳಿಯುತ್ತದೆ. ಎರೆಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ಬಲು ನಿಧಾನ. ಒಂದೇ ರಾತ್ರಿ ಸುರಿದುಹೋದರೆ ಹಳ್ಳ ತುಂಬಿ ಹರಿಯುತ್ತದೆ, ನೋಡಲು ಊರೇ ಸೇತುವೆಗೆ ಬರುತ್ತದೆ. ಎಂಟು ದಿನ ಜಿಟಿಜಿಟಿ ಹಿಡಿದ ಮಳೆಗೆ ಹಳ್ಳದಲ್ಲಿ ಮೊಳಕಾಲು ಮುಳುಗುವಷ್ಟೂ ನೀರಿರುವುದಿಲ್ಲ, ಯಾರೂ ನೋಡಲು ಹೋಗುವುದಿಲ್ಲ. ಆ ವರ್ಷ ಕಣದಲ್ಲಿ ಬಳ್ಳ ಬೇಕಾಗುತ್ತದೆ.